ಹಿತ್ತಲ ಬಾಗಿಲೇ ಹೆಬ್ಬಾಗಿಲು

ಹೊನ್ನಾವರದ ನಮ್ಮ ಮನೆಗೆ ಈಗ ಬಂದವರು ಮೊದಲು ಕಾಲಿಡುವುದು ಅಡಿಗೆಮನೆಗೆ. ಕರೆಂಟು ಬಿಲ್ಲಿನವನು, ಮದುವೆ ಕರೆಯಲು ಬಂದವರು, ನನ್ನ ಶಾಲೆಯ ಹೆಡ್‌ಮಾಸ್ತರರು, ಎಲ್ಲರಿಗೂ ಅದೊಂದೇ ದಾರಿ. ಬಾವಿಕಟ್ಟೆಯ ಹತ್ತಿರ ಚಪ್ಪಲಿ ಬಿಟ್ಟು, ಕಾಲು ತೊಳೆದು, ತಲೆ ಬಗ್ಗಿಸಿ ಒಳಗೆ ಬಂದರೆ ಎದುರಿಗೇ ಒಲೆ, ಒಲೆಯ ಪಕ್ಕದಲ್ಲಿ ನನ್ನ ಅತ್ತೆ. ತಲೆ ಬಗ್ಗಿಸದವರಿಗೆ ಬಾಗಿಲ ಮೇಲಿನ ಪಟ್ಟಿ ಹಣೆ ಮುಟ್ಟಿ ಬುದ್ಧಿ ಹೇಳುತ್ತದೆ. ಕೆಲವರು ಮುಜುಗರದಿಂದ, ಹಿಂದಿನ ಬಾಗಿಲಿಗೆ ಬಂದುಬಿಟ್ಟೆವೇನೋ ಎನ್ನುತ್ತಾರೆ. ಹಿಂದೂ ಇಲ್ಲ, ಮುಂದೂ ಇಲ್ಲ, ಇರುವುದೇ ಇದು ಎಂದು ನಾನು ಹೇಳುತ್ತೇನೆ. ಇದನ್ನು ಹೀಗೆ ಉಳಿಸಿಕೊಳ್ಳಲು ನಾನೂ ಅತ್ತೆಯೂ ಒಂದೇ ಪಕ್ಷವಾಗಿ ವರ್ಷಕ್ಕೂ ಹೆಚ್ಚು ಕಾಲ ಜಗಳ ಆಡಿದ್ದೇವೆ. ನನಗೆ ಜಗಳ ಹೊಸದಲ್ಲ, ಅತ್ತೆಗೆ ಹೊಸದು.

ಕಾಯ್ಕಿಣಿಯಿಂದ ನಾನು ಸೊಸೆಯಾಗಿ ಬಂದಾಗ ಈ ಮನೆ ಅಗಲ ಕಡಿಮೆ, ಉದ್ದ ಬಹಳ. ಮುಂದೆ ಪೇಟೆಯ ದೊಡ್ಡ ರಸ್ತೆ, ಹಿಂದೆ ಬಂದರಿನ ಕಡೆ ಇಳಿಯುವ ಓಣಿ. ರಸ್ತೆಯಿಂದ ಮೆಟ್ಟಿಲು ಹತ್ತಿದರೆ ಮರದ ಕಟಕಟೆಯ ಹೊರಜಗಲಿ. ಆಮೇಲೆ ಮಾವನ ಅಜ್ಜ ಮುಂಬಯಿ ಇಲಾಖೆಯ ಕಾಲದಲ್ಲಿ ವಕೀಲಿ ನಡೆಸುತ್ತಿದ್ದ ಕೋಣೆ. ಅದನ್ನು ದಾಟಿದರೆ ದೊಡ್ಡ ಜಗಲಿ, ದೇವರ ಕೋಣೆ, ಕಿಟಕಿಯೇ ಇಲ್ಲದ ನಡುಮನೆ, ಎಲ್ಲಕ್ಕೂ ಹಿಂದೆ ಅಡಿಗೆಮನೆ, ಬಚ್ಚಲು, ಬಾವಿ. ಗೋಡೆಗಳೆಲ್ಲ ಚಿರೆಕಲ್ಲು, ನಡುಮಧ್ಯಾಹ್ನದಲ್ಲಿ ಬೆನ್ನು ಕೊಟ್ಟು ಕುಳಿತರೆ ತಣ್ಣಗಿರುತ್ತಿತ್ತು. ರಸ್ತೆಯ ಕಡೆ ಹಂಚಿನ ಮಾಡು ಎತ್ತರ, ಹಿಂದಕ್ಕೆ ಹೋದ ಹಾಗೆ ತಗ್ಗು, ಒಂದೊಂದು ಕೋಣೆಗೂ ಒಂದೊಂದು ಮೆಟ್ಟಿಲು ಇಳಿಯಬೇಕು. ಹೆಬ್ಬಾಗಿಲಿಗೆ ಹಲಸಿನ ಮರದ ದಾರಂದ, ಆ ಚೌಕಟ್ಟಿನ ತಲೆಯ ಮೇಲೆ ಗಜಲಕ್ಷ್ಮಿ, ಎರಡೂ ಬದಿಗೆ ಗಿಳಿಗಳು. ಹಿತ್ತಲ ಬಾಗಿಲಿಗೆ ಇದ್ದದ್ದು ಮಸಿ ಮಾತ್ರ.

ಯಾರು ಎಲ್ಲಿಯವರೆಗೆ ಎಂಬುದನ್ನು ಮನೆಯೇ ಹೇಳುತ್ತಿತ್ತು. ಕಕ್ಷಿದಾರರಿಗೆ ಹೊರಜಗಲಿ, ಗುರುತಿನವರಿಗೆ ದೊಡ್ಡ ಜಗಲಿ, ನೆಂಟರಿಗೆ ನಡುಮನೆ. ಅಡಿಗೆಮನೆಯಲ್ಲಿ ಮಡಿ, ಅಲ್ಲಿಗೆ ಹೊರಗಿನವರ ನೆರಳೂ ಬೀಳುವಂತಿರಲಿಲ್ಲ. ಹೆಂಗಸರು ಓಡಾಡುವುದು ಹಿತ್ತಲ ಬಾಗಿಲಲ್ಲಿ. ಅತ್ತೆ ಹೆಬ್ಬಾಗಿಲನ್ನು ದಾಟಿದ್ದು ಮದುಮಗಳಾಗಿ ಬಂದ ದಿನ. ಅದಾದ ಮೇಲೆ ದೇವಸ್ಥಾನವಿರಲಿ, ಆಸ್ಪತ್ರೆಯಿರಲಿ, ಬಾವಿಕಟ್ಟೆ ಸುತ್ತಿ ಓಣಿಯಿಂದಲೇ ಹೋಗಿ ಬಂದವರು. ಯಾರೂ ಬೇಡ ಎಂದಿರಲಿಲ್ಲ, ಹೋಗು ಎಂದೂ ಹೇಳಿರಲಿಲ್ಲ. ನಾನು ಮದುವೆಯಾದ ವಾರವೇ ಕುಮಟೆಯ ಶಾಲೆಗೆ ಹೊರಟಾಗ ಹೆಬ್ಬಾಗಿಲಿಂದ ಇಳಿದು ಎದುರಿಗೇ ಬಸ್ಸು ಹತ್ತಿದೆ. ಬಸ್ಸಿಗೆ ಅದು ಹತ್ತಿರ ಎಂದು ಹಾಗೆ ಇಳಿದದ್ದು, ಕ್ರಾಂತಿ ಮಾಡಲು ಅಲ್ಲ. ಮಾವ ಪೇಪರಿನಿಂದ ತಲೆ ಎತ್ತಿ ನೋಡಿದರು, ಮತ್ತೆ ಪೇಪರಿಗೆ ಇಳಿದರು.

ಹೆದ್ದಾರಿ ಅಗಲವಾಗುತ್ತದೆ ಎಂಬುದು ವರ್ಷಗಟ್ಟಲೆ ಬರೀ ಸುದ್ದಿಯಾಗಿತ್ತು. ಕೊನೆಗೊಂದು ದಿನ ಕೆಂಪು ಗೆರೆ ಬಂದು ನಮ್ಮ ದೊಡ್ಡ ಜಗಲಿಯ ಹಿಂದಿನ ಗೋಡೆಯ ಮೇಲೆ ಕುಳಿತಿತು. ಅದರ ಮುಂದಿನದೆಲ್ಲ ರಸ್ತೆಗೆ, ಹಿಂದಿನದು ನಮಗೆ. ಮಾವ ಅಷ್ಟರಲ್ಲಿ ತೀರಿಕೊಂಡಿದ್ದರು, ಅದೊಂದು ಪುಣ್ಯ. ನನ್ನ ಗಂಡ ಭಟ್ಕಳದ ಕಚೇರಿಯೊಂದರಲ್ಲಿ ನೌಕರ. ಸಿಟ್ಟು ಬಂದರೂ ಅದನ್ನು ಅರ್ಜಿಯ ಭಾಷೆಯಲ್ಲೇ ಹೇಳುವಷ್ಟು ಸಾಧು. ಅವರು ಜಗಲಿಯ ಕಂಬ ಹಿಡಿದು ನಿಂತರು. ಕೂಗಾಡಿದವಳು ನಾನು. ಅಳತೆಗೆ ಬಂದವರ ಮೇಲೆ, ಗಂಡನ ಮೇಲೆ, ಗೋಡೆಯ ಮೇಲೆ ಕೂಗಾಡಿದೆ. ಅತ್ತೆ ಒಳಗಿನಿಂದ ನನ್ನನ್ನು ಕರೆದು ಕೇಳಿದ್ದು ಎರಡೇ ಮಾತು.

"ಬಾವಿ ಉಳೀತ ಇಲ್ಯ?"

"ಉಳೀತು, ಅತ್ತೆ."

"ಒಲೆ?"

"ಅದೂ ಉಳೀತು."

"ಹಂಗಾರೆ ಆತು. ಅವಕ್ಕೆ ಆಸರಿಗೆ ಕೊಡು, ಬಿಸಿಲಿದ್ದು," ಎಂದು ಮಜ್ಜಿಗೆಯ ಚೊಂಬನ್ನು ನನ್ನ ಕೈಗೆ ಕೊಟ್ಟರು. ಅಳತೆಗೆ ಬಂದು ನನ್ನಿಂದ ಬೈಸಿಕೊಂಡವರಿಗೇ ನಾನು ಮಜ್ಜಿಗೆ ಕೊಟ್ಟೆ.

ಸಣ್ಣಮಾವ ಬಂದದ್ದು ಆಗ. ಅವರು ಮಾವನ ತಮ್ಮ, ನಿವೃತ್ತ ಅಧಿಕಾರಿ, ಕುಮಟೆಯಲ್ಲಿ ಫ್ಲ್ಯಾಟಿನಲ್ಲಿದ್ದಾರೆ. ಹಿಸ್ಸೆಯಲ್ಲಿ ತೋಟ ಅವರಿಗೆ ಹೋಯಿತು, ಮನೆ ನಮಗೆ ಬಂತು. ಆದರೂ ಚೌತಿಯ ಗಣಪತಿ ಮೂಲಮನೆಯಲ್ಲೇ ಕೂರಬೇಕು, ಅವನನ್ನು ಹೊತ್ತು ತರುವುದು ಮನೆತನದ ಹಿರಿಯ ಗಂಡಸು ಎಂಬುದು ನಮ್ಮಲ್ಲಿನ ಕಟ್ಟಳೆ. ಅಣ್ಣ ಹೋದ ಮೇಲೆ ಆ ಹಿರಿತನ ಅವರದು. ಅವರು ಕೆಟ್ಟವರಲ್ಲ. ಆದರೆ ಮನೆ ಎಂದರೆ ಅವರಿಗೆ ಮೊದಲ ಮೂರು ಕೋಣೆ. ಆ ಮೂರೂ ಕೆಂಪು ಗೆರೆಯ ಆಚೆಗೆ ಬಿದ್ದಿದ್ದವು. ಸಂಕಟಪಟ್ಟುಕೊಂಡು ಬಂದಿದ್ದರು, ಜೊತೆಗೆ ಪರಿಚಯದ ಎಂಜಿನಿಯರೊಬ್ಬರನ್ನೂ ಕರೆತಂದಿದ್ದರು. ಆ ಎಂಜಿನಿಯರು ಗೋಡೆ ಬಡಿದು ನೋಡಿ, ಮುಂದಿನದು ಬಿದ್ದರೆ ಹಿಂದಿನದು ನಿಲ್ಲುವುದಿಲ್ಲ, ಪೂರ್ತಿ ಕೆಡವಿ ಆರ್‌ಸಿಸಿ ಹಾಕಿ ಎಂದರು.

ನಾನು ವಿಜ್ಞಾನ ಕಲಿಸುವವಳು, ನೋಡದೆ ನಂಬುವುದಿಲ್ಲ. ಜಗಲಿ ಕೆಡವುವ ದಿನ ರಜೆ ಹಾಕಿ ರಸ್ತೆಯ ಬದಿಯಲ್ಲಿ ನಿಂತೆ. ಯಂತ್ರ ಜಗಲಿಯ ಗೋಡೆಯನ್ನು ಎಳೆದಾಗ ದೇವರ ಕೋಣೆಯ ಗೋಡೆ ಅಲುಗಲಿಲ್ಲ. ಎರಡು ಗೋಡೆ ಸೇರುವ ಮೂಲೆಯಲ್ಲಿ ಕಲ್ಲಿಗೆ ಕಲ್ಲು ಕಚ್ಚಿರಲೇ ಇಲ್ಲ, ಒಂದಕ್ಕೊಂದು ಒರಗಿ ನಿಂತಿದ್ದವು ಅಷ್ಟೆ. ಬೇರೆ ಬೇರೆ ಕಾಲದಲ್ಲಿ ಕಟ್ಟಿದರೆ ಮಾತ್ರ ಹಾಗಾಗುತ್ತದೆ. ಧೂಳು ಇಳಿದ ಮೇಲೆ ನಾನು ಮನೆಯನ್ನು ಹಿಂದಿನಿಂದ ಸುತ್ತಿದೆ. ಹಿತ್ತಲ ಬಾಗಿಲಿನ ಹೊರಬದಿಗೆ ಗೋಡೆಯಲ್ಲಿ ಎರಡು ಗೂಡುಗಳಿವೆ. ಒಂದರಲ್ಲಿ ಬಟ್ಟೆ ಸಾಬೂನು, ಇನ್ನೊಂದರಲ್ಲಿ ಹಲ್ಲುಪುಡಿ; ನಾನು ಬಂದಾಗಿನಿಂದ ಹಾಗೆಯೇ. ಆವತ್ತು ಸಾಬೂನು ತೆಗೆದು ಕೈಯಾಡಿಸಿದೆ. ಗೂಡಿನ ಮೇಲ್ಗಡೆ ಹಳೆಯ ಎಣ್ಣೆಮಸಿ ಗಟ್ಟಿಯಾಗಿ ಹಿಡಿದಿತ್ತು. ದೀಪದ ಗೂಡು! ಹಿತ್ತಲ ಬಾಗಿಲಿಗೆ ಯಾರಾದರೂ ಜೋಡಿ ದೀಪದ ಗೂಡು ಇಡುತ್ತಾರೆಯೇ? ಪಟ್ಟಿಯ ಮೇಲಿನ ಮಸಿಯನ್ನು ತೆಂಗಿನ ನಾರಿನಿಂದ ತಿಕ್ಕಿದರೆ ಚಿಕ್ಕದೊಂದು ಕಮಲ ಎದ್ದು ಬಂತು.

ಅಂದರೆ ಮೊದಲು ಇದ್ದ ಮನೆ ಇಷ್ಟೇ: ಅಡಿಗೆಮನೆ, ನಡುಮನೆ, ದೇವರು. ಆಗ ಊರಿನ ಓಡಾಟವೆಲ್ಲ ಹೊಳೆಯಲ್ಲಿ, ದೋಣಿಯಲ್ಲಿ. ಜನ ಬರುತ್ತಿದ್ದುದು ಬಂದರಿನ ಓಣಿಯಿಂದ. ಮನೆ ಅತ್ತ ಮುಖ ಮಾಡಿತ್ತು. ರಸ್ತೆ ದೊಡ್ಡದಾದ ಮೇಲೆ ವಕೀಲಜ್ಜ ಆಗಿನ ಹಿತ್ತಲಿನ, ರಸ್ತೆ ಬದಿಯ ಖಾಲಿ ಜಾಗದಲ್ಲಿ ಜಗಲಿಗಳನ್ನು ಕಟ್ಟಿ ಮನೆಯನ್ನು ರಸ್ತೆಗೆ ತಿರುಗಿಸಿದ್ದಾರೆ. ಹೆಬ್ಬಾಗಿಲಾಗಿದ್ದದ್ದು ಹಿತ್ತಲ ಬಾಗಿಲಾಯಿತು, ಅದರೊಳಗೆ ಹೆಂಗಸರು ಉಳಿದರು. ಇದು ನನ್ನ ಊಹೆ, ಬರೆದಿಟ್ಟವರು ಯಾರೂ ಇಲ್ಲ. ಆದರೆ ಕಲ್ಲು ಸುಳ್ಳು ಹೇಳುವುದಿಲ್ಲ ಎಂದು ನಾನು ಸಣ್ಣಮಾವನಿಗೆ ಹೇಳಿದೆ. ಅವರು ಕಮಲವನ್ನು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು, "ಅಡಿಗೆಮನೆ ಅಡಿಗೆಮನೆಯೇಯ," ಎಂದರು.

ಮನೆ ನಿಂತಿತು. ಕೆಡವುವ ಮಾತು ಅಲ್ಲಿಗೆ ಮುಗಿಯಿತು. ಆದರೆ ಒಳಗೆ ಬರುವುದು ಎಲ್ಲಿಂದ? ಹೆದ್ದಾರಿ ನಮ್ಮ ಮಗ್ಗುಲಲ್ಲಿ ಆಳೆತ್ತರ ಏರಿ, ಕಾಂಕ್ರೀಟಿನ ಗೋಡೆ ಎದ್ದು, ಆ ಕಡೆಗೆ ಬಾಗಿಲು ಇಡುವ ಹಾಗೆಯೇ ಇರಲಿಲ್ಲ. ಆ ಕಡೆ ತೆರೆದಿದ್ದದ್ದನ್ನು ಮುಚ್ಚಿದೆವು. ಇನ್ನು ಓಣಿಯೇ ಗತಿ. ಸಣ್ಣಮಾವ ಅದಕ್ಕೂ ಒಪ್ಪಿದರು, ಒಂದು ಶರತ್ತಿನ ಮೇಲೆ: ಅಡಿಗೆಮನೆಯನ್ನು ಜಗಲಿ ಮಾಡಬೇಕು, ಒಲೆ ನಡುಮನೆಗೆ ಹೋಗಬೇಕು, ಕಿತ್ತಿಟ್ಟ ಗಜಲಕ್ಷ್ಮಿಯ ದಾರಂದವನ್ನು ಹಿತ್ತಲ ಬಾಗಿಲ ಜಾಗದಲ್ಲಿ ಕೂರಿಸಬೇಕು. ಬಂದವರ ಕಣ್ಣೆದುರು ಒಲೆ ಉರಿಯುವ ಮನೆ ಹೋಟೆಲಿನ ಹಾಗೆ ಕಾಣುತ್ತದೆ ಎಂಬುದು ಅವರ ವಾದ. ನನ್ನ ಗಂಡನಿಗೂ ಅದರಲ್ಲಿ ನ್ಯಾಯ ಕಂಡಿತು.

ಆಚಾರಿಯನ್ನು ಕರೆಸಿದರು. ನಾಲ್ಕು ಜನ ಸೇರಿ ದಾರಂದವನ್ನು ಎತ್ತಿ ಹಿತ್ತಲ ಗೋಡೆಗೆ ಹಿಡಿದರೆ ಗಜಲಕ್ಷ್ಮಿಯ ಆನೆಗಳು ಹಂಚಿನ ಮೇಲೆ ಇಣುಕಿದವು.

"ಇದು ಕೂರೂದಿಲ್ಲ ಒಡೆಯಾ, ಮಾಡೇ ಇದ್ಕಿಂತ ಗಿಡ್ಡ," ಎಂದ ಆಚಾರಿ.

"ಮಾಡನ್ನೇ ಎತ್ತರಿಸು," ಎಂದರು ಸಣ್ಣಮಾವ. ಬಾಗಿಲಿಗೋಸ್ಕರ ಮನೆಯನ್ನೇ ಎತ್ತುವ ಮಾತು ಕೇಳಿ ನಾನು ನಕ್ಕುಬಿಟ್ಟೆ. ಅವರಿಗೆ ಅದು ಬಹಳ ದಿನ ನಾಟಿತ್ತು. ದಾರಂದವನ್ನು ಕುಮಟೆಯ ಫ್ಲ್ಯಾಟಿಗೆ ಒಯ್ಯುತ್ತೇನೆ ಎಂದು ಟೆಂಪೊ ತಂದರು. ಅಲ್ಲಿ ಮೆಟ್ಟಿಲ ತಿರುವಿನಲ್ಲೇ ಸಿಕ್ಕಿಬಿದ್ದು ಸಂಜೆಗೆ ವಾಪಸು ಬಂತು. ಈಗ ನಮ್ಮ ನಡುಮನೆಯ ಗೋಡೆಗೆ ಒರಗಿದೆ, ಎಲ್ಲಿಗೂ ಹೋಗದ ಬಾಗಿಲು.

ಒಲೆಯ ವಿಷಯ ಮಾತ್ರ ನಗುವಂಥದ್ದಲ್ಲ. ಅತ್ತೆಯ ಕಣ್ಣು ಮಂಜಾಗಿದೆ. ಆಪರೇಷನ್ ಆದರೂ ಪೂರ್ತಿ ತಿಳಿಯಾಗಲಿಲ್ಲ. ಅಡಿಗೆಮನೆಗೆ ಪೂರ್ವದ ಕಿಟಕಿ ಇದೆ, ಬಾಗಿಲಿಂದಲೂ ಬೆಳಕು ಬರುತ್ತದೆ. ಅಲ್ಲಿ ಅವರು ತಂಬುಳಿ ಕದಡುತ್ತಾರೆ, ಕಾಯಿ ತುರಿಯುತ್ತಾರೆ, ಯಾವ ಡಬ್ಬಿಯಲ್ಲಿ ಏನು ಎಂದು ಕೈಗೇ ಗೊತ್ತು. ನಡುಮನೆಯಲ್ಲಿ ಹಗಲಿಗೂ ಲೈಟು ಬೇಕು. ಆ ಲೈಟಿನಲ್ಲಿ ಅವರಿಗೆ ಬಾಗಿಲೂ ಗೋಡೆಯೂ ಒಂದೇ. ಒಲೆಯನ್ನು ಅಲ್ಲಿಗೆ ಹಾಕಿದರೆ ಅಡಿಗೆ ಅವರ ಕೈ ಬಿಡುತ್ತದೆ. ಆಮೇಲೆ ಅವರು ಮೂಲೆಯ ಕುರ್ಚಿಯಲ್ಲಿ ಕುಳಿತು, ಊಟಕ್ಕೆ ಯಾರಾದರೂ ಕರೆಯುವುದನ್ನು ಕಾಯುವವರು. ಇದನ್ನು ನಾನು ಸಣ್ಣಮಾವನಿಗೆ ಹೇಳಿದೆ.

"ಈ ವಯಸ್ಸಿಗೆ ಅತ್ತಿಗೆ ಎಂತಕ್ಕೆ ಅಡಿಗೆ ಮಾಡಕ್ಕು? ಆರಾಮ ಕೂತ್ಗಂಡಿರ್ಲಿ," ಎಂದರು ಅವರು. ಪ್ರೀತಿಯಿಂದಲೇ ಹೇಳಿದರು. ನನ್ನ ಮೈ ಉರಿಯಿತು. ನಾನು ಬಾಯಿ ತೆರೆಯುವುದರೊಳಗೆ ಅತ್ತೆ, ಒಲೆಯ ಕಡೆಯಿಂದ ತಿರುಗದೆಯೇ ಹೇಳಿದರು:

"ಅಲ್ಲಿ ಯಂಗೆ ಎಂತದೂ ಕಾಣ್ತಿಲ್ಲೆ. ಇಲ್ಲಿ ಬೆಳಕಿದ್ದು. ಒಲೆ ಇಲ್ಲೇ ಇರ್ಲಿ."

ಮೈದುನನಿಗೆ ಅವರು ಎದುರು ಹೇಳಿದ್ದನ್ನು ನಾನು ಮೊದಲ ಸಲ ಕೇಳಿದ್ದು. ಸಣ್ಣಮಾವನಿಗೂ ಮೊದಲ ಸಲವೇ ಇರಬೇಕು. ಕನ್ನಡಕ ತೆಗೆದು ಒರೆಸುತ್ತ ಕೇಳಿದರು:

"ಹಂಗಾರೆ ಚೌತಿಗೆ ಗಣಪತಿ ಎಲ್ಲಿಂದ ಬಪ್ಪದು? ಅಡಿಗೆಮನೆ ಹೊಕ್ಕಿ ಬಪ್ಪದು ಹೇಳಿ ಎಲ್ಲಾದ್ರೂ ಇದ್ದಾ?"

"ಎಲ್ಲರೂ ಬಪ್ಪಲ್ಲಿಂದ ಅವನೂ ಬತ್ತ."

"ಜಗಲಿ ಹೋತಲ, ಕೂರ್ಸದು ಎಲ್ಲಿ?"

"ಇಲ್ಲೇ, ಕಿಟಕಿ ಬುಡಕ್ಕೆ. ಅವಂಗೂ ಬೆಳಕು ಬೇಕಲ."

"ಅದು ಆಪ ಹೋಪ ಮಾತಲ್ಲ. ಒಲೆ ಇಲ್ಲೇ ಹೇಳಾದ್ರೆ ಈ ವರ್ಷ ಗಣಪತಿ ಕುಮಟೆಲ್ಲೇ ಕೂರ್ತ," ಎಂದು ಸಣ್ಣಮಾವ ಎದ್ದರು. ತಲೆ ಬಗ್ಗಿಸುವುದನ್ನು ಮರೆತು ಪಟ್ಟಿಗೆ ಹಣೆ ಹೊಡೆದುಕೊಂಡು ಹೋದರು.

"ಅಡ್ಡಿಲ್ಲೆ," ಎಂದರು ಅತ್ತೆ, ಖಾಲಿ ಬಾಗಿಲಿಗೆ.

ಅಡ್ಡಿಲ್ಲೆ ಎಂದವರು ಆವತ್ತು ಉಣ್ಣಲಿಲ್ಲ. ಈ ಮನೆಗೆ ಬಂದ ಮೇಲೆ ಅವರು ಗಣಪತಿಯಿಲ್ಲದ ಚೌತಿ ಕಂಡಿಲ್ಲ. ಮಾವ ಹೋದ ವರ್ಷ ಸೂತಕದಲ್ಲಿ ಬಿಟ್ಟದ್ದಷ್ಟೆ, ಆ ದಿನ ಅವರು ಗೋಡೆಗೆ ಮುಖ ಮಾಡಿ ಮಲಗಿದ್ದರು. ಈಗ ಸೂತಕವಿಲ್ಲ, ಏನಿಲ್ಲ, ಒಂದು ಒಲೆಯ ಸಲುವಾಗಿ ದೇವರು ಬೇರೆ ಮನೆಗೆ. ಸಂಜೆ ನನ್ನ ಗಂಡ ಅವರ ಪಕ್ಕ ಕುಳಿತು, ಒಲೆ ಸರಿಸಿಬಿಡೋಣ ಅಮ್ಮ, ನಡುಮನೆಗೆ ದೊಡ್ಡ ಲೈಟು ಹಾಕಿಸುತ್ತೇನೆ ಎಂದರು. ಅತ್ತೆ ಬೇಡವೆನ್ನದೆ ಒಲೆಯ ಬೂದಿ ಕೆದಕುತ್ತ ಕುಳಿತರು. ಅವರು ಸೋಲುತ್ತಾರೆ ಎಂದು ನನಗೆ ಭಯವಾಯಿತು. ನಾನು ಎಷ್ಟೇ ಕೂಗಾಡಲಿ, ಒಲೆ ಅವರದು. ಅವರು ಬಿಟ್ಟರೆ ನಾನು ಹಿಡಿದು ನಿಲ್ಲಿಸುವುದು ಏನನ್ನು?

ನಮ್ಮ ಕಡೆ ಗಣಪತಿಯನ್ನು ಅಂಗಡಿಯಲ್ಲಿ ಆರಿಸಿ ತರುವುದಿಲ್ಲ. ಪ್ರತಿ ಮನೆಗೂ ತನ್ನದೇ ಒಂದು ಮರದ ಮಣೆ ಇರುತ್ತದೆ. ನಾಗರಪಂಚಮಿಯ ಹೊತ್ತಿಗೆ ಅದನ್ನು ವೀಳ್ಯದ ಜೊತೆ ಮೂರ್ತಿ ಮಾಡುವವರ ಮನೆಗೆ ಮುಟ್ಟಿಸಬೇಕು. ಅವರು ಆ ಮಣೆಯ ಮೇಲೇ ಮಣ್ಣು ಕೂಡಿಸಿ ಗಣಪತಿ ಮಾಡುತ್ತಾರೆ. ಯಾವ ಮಣೆಯೋ ಆ ಮನೆಯ ಗಣಪತಿ. ಸಣ್ಣಮಾವ ಫ್ಲ್ಯಾಟಿಗೆ ಹೊಸ ಮಣೆ ಮಾಡಿಸುತ್ತಾರೋ, ನಮ್ಮದನ್ನು ಕೇಳುತ್ತಾರೋ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಪಂಚಮಿಯ ಬೆಳಿಗ್ಗೆ ಅತ್ತೆ ಅಟ್ಟದಿಂದ ಮಣೆ ಇಳಿಸಲು ಹೇಳಿದರು. ತಾವೇ ಬಾವಿಕಟ್ಟೆಯಲ್ಲಿ ಕುಳಿತು ಸೀಗೆಪುಡಿ ಹಾಕಿ ತಿಕ್ಕಿದರು, ಕಾಣದ ಕಣ್ಣಿಗೆ ಬೆರಳು ಆಡಿಸಿ ಮೂಲೆ ಮೂಲೆ ನೋಡಿದರು. ಒಣಗಿದ ಮೇಲೆ ಮಗನ ಕೈಗೆ ಕೊಟ್ಟರು.

"ಕೊಟ್ಟಿಕ್ಕಿ ಬಾ. ಯಾವ ಮನೆಗೆ ಹೇಳಿ ಕೇಳಿದ್ರೆ, ಇದೇ ಮನೆಗೆ ಹೇಳು. ಓಣಿ ಬಾಗ್ಲು ಹೇಳಿ ಹೇಳು."

ನನ್ನ ಗಂಡ ನನ್ನ ಮುಖ ನೋಡಿದರು. ನಾನು ಸ್ಕೂಟರಿನ ಕೀಲಿಕೈ ಕೊಟ್ಟೆ. ಅವರು ಹೋದ ಮೇಲೆ ಅತ್ತೆ ತೊಳೆದ ಬಾವಿಕಟ್ಟೆಯನ್ನೇ ಮತ್ತೊಮ್ಮೆ ತೊಳೆದರು. ತಾವು ಮಾಡಿದ್ದು ಏನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು: ಮಣೆ ಕೊಟ್ಟಾಯಿತು, ಇನ್ನು ಗಣಪತಿ ಈ ಮನೆಗೇ ಬರಬೇಕು. ತರಬೇಕಾದ ಹಿರಿಯನೇ ಬರದಿದ್ದರೆ? ಹಾಗೆ ಕೇಳುವ ಧೈರ್ಯ ನನಗೂ ಆಗಲಿಲ್ಲ.

ಸಣ್ಣಮಾವ ಎರಡು ದಿನ ಬಿಟ್ಟು ಮೂರ್ತಿಯವರಲ್ಲಿಗೆ ಹೋದರಂತೆ. ನಿಮ್ಮ ಮನೆಯ ಮಣೆ ಆಗಲೇ ಬಂದಿದೆ ಎಂದು ಅವರು ತೋರಿಸಿದರಂತೆ. ಸಣ್ಣಮಾವ ಅದನ್ನು ನೋಡಿ ಬಸ್ಸು ಹತ್ತಿದರಂತೆ. ನಮಗೆ ಫೋನು ಬರಲಿಲ್ಲ, ನಾವೂ ಮಾಡಲಿಲ್ಲ.

ಚೌತಿಯ ದಿನ ಅತ್ತೆ ಬೆಳಗಾಗುವ ಮೊದಲೇ ಮಿಂದು, ಮಡಿಸೀರೆ ಉಟ್ಟು ಒಲೆಯ ಮುಂದೆ ಕುಳಿತಿದ್ದರು. ಕಿಟಕಿಯ ಬುಡದಲ್ಲಿ ಮಂಟಪ ಕಟ್ಟಿ, ಮೇಲಿನ ತೊಲೆಗೆ ಅಡಿಕೆಗೊನೆ, ತೆಂಗಿನಕಾಯಿ, ಹೀರೆ, ಚಕ್ಕೋತ ಎಲ್ಲ ತೂಗಿಬಿಟ್ಟು ಫಲಾವಳಿ ಮಾಡಿದ್ದೆವು. ನಾನು ಹೂವು, ಬಾಳೆಲೆ ಎಂದು ಪೇಟೆಗೆ ಎರಡು ಸಲ ಓಡಿ, ಮಡಿಯ ಮಟ್ಟಿಗೆ ಕೆಲಸಕ್ಕೆ ಬಾರದವಳಾಗಿದ್ದೆ. ಸಣ್ಣಮಾವ ಬಾರದಿದ್ದರೆ ನಾನೇ ಹೋಗಿ ತರುತ್ತೇನೆ ಎಂದು ನನ್ನ ಗಂಡ ಪಂಚೆ ಉಟ್ಟು ನಿಂತಿದ್ದರು. ಅಷ್ಟರಲ್ಲಿ ಓಣಿಯಲ್ಲಿ ರಿಕ್ಷಾ ನಿಂತ ಸದ್ದಾಯಿತು.

ಸಣ್ಣಮಾವ ಇಳಿದರು. ಮಣೆಯ ಸಮೇತ ಗಣಪತಿಯನ್ನು ಎದೆಗೆ ಆನಿಸಿ ಹಿಡಿದಿದ್ದರು. ಯಾರ ಮುಖವನ್ನೂ ನೋಡದೆ, "ಮಣೆ ಈ ಮನೇದೇ ಅಲ್ದಾ, ಅದ್ಕೆ ಇಲ್ಲಿಗೇ ತಂದಿ," ಎಂದರು. ನನ್ನ ಗಂಡ ಓಡಿ ಹೋಗಿ ಪದ್ಧತಿಯಂತೆ ಗಣಪತಿಗೆ ಕೊಡೆ ಹಿಡಿದರು. ನಾನು ಜಾಗಟೆ ಬಾರಿಸಿದೆ.

ಬಾಗಿಲ ಮುಂದೆ ಸಣ್ಣಮಾವ ನಿಂತರು. ಗಣಪತಿಯ ಕಿರೀಟ ಅವರ ಗಲ್ಲಕ್ಕೆ ಬರುತ್ತಿತ್ತು. ಬಗ್ಗಿದರೆ ಗಲ್ಲ ಕಿರೀಟಕ್ಕೆ ಒತ್ತುತ್ತದೆ, ಬಗ್ಗದಿದ್ದರೆ ಅವರು ಒಳಗೆ ಬರುವುದಿಲ್ಲ. ಅಡ್ಡ ತಿರುಗಿ ನೋಡಿದರು, ಬಾಗಿಲು ಕಿರಿದು. ಅಷ್ಟರಲ್ಲಿ ಭಾದ್ರಪದದ ಮಳೆ ಬಂತು, ಓರೆಯಾಗಿ. ಕೊಡೆಯ ಅಂಚಿನಿಂದ ಹನಿ ಗಣಪತಿಯ ಕೈಮೇಲೆ ಬಿದ್ದು ಹಸಿ ಬಣ್ಣ ಹರಿಯತೊಡಗಿತು. ಕೊಡೆ ಬಿಟ್ಟರೆ ಮೂರ್ತಿ ಪೂರ್ತಿ ನೆನೆಯುವುದರಿಂದ ನನ್ನ ಗಂಡ ಅಲುಗುವಂತಿರಲಿಲ್ಲ, ಯಾರಾದರೂ ಒಳಗಿನಿಂದ ತೆಗೆದುಕೊಳ್ಳಲೇಬೇಕು. ಒಳಗೆ ಇದ್ದವರು ಇಬ್ಬರೇ, ನಾನು ಮತ್ತು ಅತ್ತೆ. ಮಡಿಯಲ್ಲಿ ಇದ್ದವರು ಒಬ್ಬರೇ.

ಸಣ್ಣಮಾವ ಅತ್ತೆಯ ಬರಿಯ ಹಣೆಯನ್ನು ನೋಡಿದ್ದು ನನಗೆ ಕಂಡಿತು. ಮಾವ ಹೋದ ಮೇಲೆ ಅತ್ತೆ ಮಂಗಳಾರತಿಗೂ ಹಿಂದೆಯೇ ನಿಲ್ಲುತ್ತಿದ್ದರು. ಅದಕ್ಕೂ ಮೊದಲು ಮುತ್ತೈದೆಯಾಗಿದ್ದಾಗಲೂ ಗಣಪತಿಯನ್ನು ಕಂಡದ್ದು ಗಂಡಸರ ಹೆಗಲುಗಳ ನಡುವೆ, ಅದೂ ಕಜ್ಜಾಯದ ಎಣ್ಣೆ ಇಳಿಸಿದ ಮೇಲೆ. ತರುವಾಗ ಎಷ್ಟು ಭಾರ, ಎಷ್ಟು ಜೋಪಾನ ಎಂಬುದನ್ನು ಗಂಡಸರು ಊಟಕ್ಕೆ ಕುಳಿತು ಹೇಳುತ್ತಿದ್ದರು; ಅತ್ತೆ ಬಡಿಸುತ್ತ ಕೇಳುತ್ತಿದ್ದರು. ನಾನು ಜಾಗಟೆ ನಿಲ್ಲಿಸಿದೆ.

"ಅತ್ತಿಗೇ," ಎಂದರು ಸಣ್ಣಮಾವ. "ಹಿಡ್ಕಳ್ಳಲೆ ಆಗ್ತಾ?"

ಅತ್ತೆ ಒಲೆಯ ಮುಂದಿನಿಂದ ಎದ್ದರು. ಕೈಯನ್ನು ಸೆರಗಿಗೆ ಒರೆಸಿಕೊಂಡು, ಹೊಸಿಲಿನ ಒಳಗೆ ನಿಂತು ಎರಡೂ ತೋಳು ಚಾಚಿದರು. ಮೈದುನ ಕೊಟ್ಟರು, ಅತ್ತಿಗೆ ತೆಗೆದುಕೊಂಡರು. ದಿನಾಲೂ ಬಾವಿಯಿಂದ ಕೊಡ ಎಳೆದ, ನೂರು ಜನರ ಅನ್ನದ ಹಂಡೆ ಇಳಿಸಿದ ಆ ತೋಳುಗಳು ಗಣಪತಿಯನ್ನು ಹಿಡಿದು ಒಂದು ಕ್ಷಣ ಹಾಗೆಯೇ ನಿಂತವು. ಅವರು ಮೂರ್ತಿಯನ್ನು ಸ್ವಲ್ಪ ಎತ್ತಿ, ಇಳಿಸಿ, ತೂಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಮುಖದಲ್ಲಿ ಭಕ್ತಿಗಿಂತ ಹೆಚ್ಚಾಗಿ ಆಶ್ಚರ್ಯವಿತ್ತು.

"ಇದು ಇಷ್ಟೇ ಭಾರನಾ, ಮಾರಾಯ್ತಿ?"